ಒಂದು ಬೆರಳಿನ ಸಡಿಲ

"ಮೇಲಿನ ಗುಂಡೀನೂ ಹಾಕಮ್ಮ, ಆಪರೇಷನ್ ಗುರುತು ಕಾಣ್ತಿದೆ," ಎಂದಳು ಸತ್ತವನ ಅಕ್ಕ.

ಟೈಲರಮ್ಮ ಗಂಡನ ಕತ್ತಿನ ಮೇಲೆ ಬಗ್ಗಿದಳು. ಆಯುಷ್ಯವೆಲ್ಲ ಬಸ್ಸು ಓಡಿಸಿದ ಮನುಷ್ಯ. ಕೊನೇ ಪ್ರಯಾಣಕ್ಕೂ ಯೂನಿಫಾರ್ಮಿನಲ್ಲೇ ಕಳಿಸಿ ಅಂದಿದ್ದ. ಗುಂಡಿ ಹಾಕಿದರೂ ಕಾಲರ್ ಬಾಯಿ ಬಿಟ್ಟುಕೊಂಡೇ ಇತ್ತು.

"ಎಷ್ಟು ದೊಗಳೆ! ಹೆಂಡ್ತಿ ಟೈಲರ್ ಆಗಿದ್ದೂ..."

"ಬಿಡಿ ಅಕ್ಕಾ," ಎಂದ ಅವನ ಬಸ್ಸಿನ ಕಂಡಕ್ಟರ್. "ಇಷ್ಟು ವರ್ಷ ಪ್ಯಾಸೆಂಜರ್‌ಗಳ ಗೊಣಗಾಟ ಕೇಳಿದಾನೆ, ಇವತ್ತಾದ್ರೂ ಆರಾಮಾಗಿರಲಿ."

ಅಕ್ಕ ಮೂತಿ ತಿರುವಿ ಹೊರಗೆ ಹೋದಳು. ಟೈಲರಮ್ಮ ಗುಂಡಿ ಬಿಚ್ಚಿ, ದಾರ ಕತ್ತರಿಸಿ, ಸೂಜಿ ಪೋಣಿಸಿದಳು. ಹಳೆಯ ಹೊಲಿಗೆಗಳ ಸಣ್ಣ ತೂತುಗಳು ಒಂದರ ಪಕ್ಕ ಒಂದು ಹಾಗೇ ಇದ್ದವು.

*

"ಕತ್ತಿನ ಹತ್ರ ಬಿಗಿಯಾಗ್ತಿದೆ ಕಣೇ," ಎಂದು ಅವನು ಮೊದಲ ಸಲ ಈ ಅಂಗಿ ತಂದಾಗ ಮಷಿನ್ ಪಕ್ಕ ಶಾಲೆ ಮಕ್ಕಳ ಬಟ್ಟೆಯ ರಾಶಿ ಬಿದ್ದಿತ್ತು.

"ಎಲ್ಲರಿಗೂ ಹೊಟ್ಟೆ ಬಂದ್ರೆ ನಿಮಗೆ ಕತ್ತು ಬರ್ತಿದೆ ನೋಡ್ರೀ," ಎಂದು ನಕ್ಕು, ಅವಳು ಗುಂಡಿಯನ್ನು ಅಂಚಿನತ್ತ ಸರಿಸಿ ಹೊಲಿದಳು. ಕಾಲರಿನೊಳಗೆ ಒಂದು ಬೆರಳು ಆಡಬೇಕು, ಅದು ಅವಳ ಅಳತೆ. ಅವನಿಗೆ ಅಂಗಿ ತೊಡಿಸಿ, ಬೆರಳು ತೂರಿಸಿ ನೋಡಿದಳು. ಏನೋ ಗಟ್ಟಿಯಾದದ್ದು ತಾಗಿತು. ಆದರೂ ಬೆರಳು ಆಡಿತಲ್ಲ!

ಅವನು ಏನೋ ಹೇಳಲು ಬಾಯಿ ತೆರೆದ. ಮಷಿನ್ ಆಗಲೇ ಸದ್ದು ಮಾಡುತ್ತಿತ್ತು.

ಆಮೇಲೂ ಎರಡು ಸಲ ಅದೇ ಅಂಗಿ ತಂದ. ಅವಳು ಎರಡು ಸಲವೂ ಗುಂಡಿ ಸರಿಸಿದಳು.

ಅವನ ದನಿ ಗೊಗ್ಗರಾದ ಮೇಲೆ ಆಸ್ಪತ್ರೆ. "ಥೈರಾಯ್ಡ್ ಕ್ಯಾನ್ಸರ್," ಎಂದರು ಡಾಕ್ಟರು, ಗಂಟಿಗೆ ಸೂಜಿ ಚುಚ್ಚಿ ಪರೀಕ್ಷಿಸಿ. "ಬೇಗ ಬಂದ್ರೆ ಹೆಚ್ಚಿನವರಿಗೆ ವಾಸಿಯಾಗುತ್ತೆ. ಗಂಟು ಕಂಡಿದ್ದು ಯಾವಾಗ?"

"ಈಗೀಗ," ಎಂದ ಅವನು, ಅವಳತ್ತ ನೋಡದೆ.

ಆಪರೇಷನ್ ಮಾಡಿ ಗಂಟು ತೆಗೆದರು. ವಿಕಿರಣ ಸೂಸುವ ಅಯೋಡಿನ್ ಮದ್ದು ಕೊಟ್ಟು, ಯಾರೂ ಹತ್ತಿರ ಹೋಗದಂತೆ ಒಂಟಿ ಕೋಣೆಯಲ್ಲಿ ಇಟ್ಟರು. ಅಷ್ಟರಲ್ಲಿ ರೋಗ ಶ್ವಾಸಕೋಶಕ್ಕೆ ಇಳಿದಿತ್ತು.

*

"ಅವರಿಗೆ ಮುಂಚೇನೇ ಗೊತ್ತಿತ್ತಾ?" ಸೂಜಿ ಆಡಿಸುತ್ತಲೇ ಕೇಳಿದಳು.

ಕಂಡಕ್ಟರ್ ಗೋಡೆಯತ್ತ ತಿರುಗಿದ. "ಈಗ್ಯಾಕೆ ಅತ್ತಿಗೆ ಆ ಮಾತು?"

"ಕಣ್ಣು ಮುಚ್ಚಿದ್ರೆ ಸಾಕು, ಈ ಬೆರಳಿಗೆ ಅದೇ ತಾಗುತ್ತೆ. ನಿಜ ಹೇಳಿ."

"ಗಡ್ಡ ಮಾಡ್ಕೊಳ್ಳುವಾಗ ಕೈಗೆ ಸಿಕ್ತಂತೆ. ಡಿಪೋಲಿ ನಂಗೂ ಮುಟ್ಟಿಸಿದ. ಡಾಕ್ಟರ ಹತ್ರ ಹೋಗೋ ಅಂತ ಬೈದೆ. ಪುಕ್ಕಲ ಅವನು. 'ಅಂಗಿ ಸಡಿಲ ಮಾಡೋಕೆ ಕೊಡ್ತೀನಿ, ಅವಳ ಕೈಗೆ ಸಿಕ್ಕೇ ಸಿಗುತ್ತೆ, ಏನ್ರೀ ಇದು ಅಂತ ಕೇಳ್ತಾಳೆ, ಆಗ ಹೇಳ್ತೀನಿ' ಅಂದ."

"ನಾನು ಕೇಳ್ಲಿಲ್ಲ."

"ಇಲ್ಲ."

"ಮಾರನೇ ದಿನ ಏನಂದ್ರು?"

"ಕಾಲರ್ ತೋರಿಸ್ದ. ಎಷ್ಟು ನೀಟಾಗಿ ಹೊಲಿದಿದಾಳೆ ನೋಡೋ ಅಂದ."

ಹೊರಗೆ ಗಾಡಿ ಬಂದು ನಿಂತಿತು. "ಆಯ್ತೇನಮ್ಮಾ?" ಎಂದು ಅಕ್ಕ ಕೂಗಿದಳು.

ಗುಂಡಿ ಈಗ ಮೊಟ್ಟಮೊದಲಿನ ತೂತುಗಳ ಮೇಲೆ ಕೂತಿತ್ತು. ಟೈಲರಮ್ಮ ಅದನ್ನು ಹಾಕಿ, ಅಭ್ಯಾಸಬಲದಿಂದ ಕಾಲರಿನೊಳಗೆ ಬೆರಳು ತೂರಿಸಿದಳು. ಇನ್ನೂ ಎರಡು ಬೆರಳಿಗೆ ಜಾಗವಿತ್ತು. ಗಾಯದ ಗೆರೆ ತಣ್ಣಗೆ ತಾಗಿತು. ಹೊರುವವರು ಒಳಗೆ ಬಂದು, ಬಗ್ಗಿ, ಕೈ ಹಾಕಿ ಕಾದರು. ಅವಳು ಬೆರಳು ತೆಗೆಯಲಿಲ್ಲ.