ಅತ್ತೆಯ ಉಗುರಿಗೆ ಬಣ್ಣ ಹಚ್ಚಿದ ಮೇಲೆ

೧
ಕೆಮ್ಮಿನಿಂದ ಶುರು ಮಾಡಲೇ? ಕೆಮ್ಮಿನ ಕಥೆ ಓದಿ ಓದಿ ನಿಮಗೂ ಗಂಟಲು ಕೆರೆಯುತ್ತಿರಬಹುದು. ವೈರಸ್ಸಿನಿಂದ? ಅದಕ್ಕೆ ಮಾತು ಬರುವುದಿಲ್ಲ, ಡೈಲಾಗ್ ಬರೆಯುವುದು ಹೇಗೆ? ಸರಿ, ಉಗುರಿನಿಂದ. (ಬೆರಳು ತೋರಿಸಿದರೆ ಹಸ್ತ ನುಂಗುವ ಜನ ನಾವು ಕಥೆಗಾರರು, ಉಗುರು ಧಾರಾಳವಾಯಿತು.)

೨
ಸೊಸೆ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಅತ್ತೆಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ, ಈಗ ಜ್ವರ, ಕೆಮ್ಮು ಬೇರೆ. ಅತ್ತೆಯ ಉಗುರು ನೀಲಿಗಟ್ಟಿದ್ದು ಸೊಸೆಯ ಕಣ್ಣಿಗೆ ಬಿತ್ತು. ಬೇರೆ ಯಾರಾದರೂ ಗಾಬರಿಯಾಗುತ್ತಿದ್ದರು. ಇವಳೋ ಕಳೆಗೆಟ್ಟ ಉಗುರುಗಳನ್ನು ದಿನಾ ನೋಡುವವಳು. ಅತ್ತೆಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಡುಗೆಂಪು ಬಣ್ಣ ಎರಡು ಕೋಟ್ ಹಚ್ಚಿದಳು. ಮನಸ್ಸಾದರೂ ಗೆಲುವಾಗಲಿ ಎಂದು, ಪ್ರೀತಿಯಿಂದಲೇ.

ಎರಡು ದಿನ ಕಳೆದು, ಉಸಿರು ಕಟ್ಟತೊಡಗಿದ ಮೇಲೆ ಆಸ್ಪತ್ರೆಗೆ ಬಂದರು. ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಬೇಕು, ಬಣ್ಣವಿದ್ದರೆ ಲೆಕ್ಕ ತಪ್ಪಬಹುದು ಎಂದು ನರ್ಸ್ ಹತ್ತಿಯಿಂದ ಉಜ್ಜಿದಳು. ಕೆಂಪು ಹೋದಂತೆ ಕೆಳಗಿನ ನೀಲಿ ಕಂಡಿತು.

"ಇದು ಯಾವಾಗಿಂದ ಹೀಗಿದೆ?"

ಸೊಸೆ ನರ್ಸಿನ ಕೈಯಿಂದ ಹತ್ತಿ ತೆಗೆದುಕೊಂಡು ಉಳಿದ ಉಗುರುಗಳನ್ನು ತಾನೇ ಉಜ್ಜತೊಡಗಿದಳು.

೩
ಡಾಕ್ಟರಮ್ಮ ಹೇಳಿದರು: "ವಯಸ್ಸು, ಶುಗರ್, ತಡವಾಗಿ ಬಂದಿದ್ದು. ಮೂರೂ ಲೆಕ್ಕಕ್ಕೆ ಬರುತ್ತೆ. ಆದ್ರೆ ಅದು ಸಾವಿರ ಜನರ ಲೆಕ್ಕ. ಇವರೊಬ್ಬರಿಗೆ ಏನಾಗುತ್ತೆ ಅಂತ ನಂಗೊತ್ತಿಲ್ಲ."

(ನನಗೂ ಗೊತ್ತಿಲ್ಲ. ಬರೆಯುತ್ತಿರುವುದು ನಾನೇ, ನಾಚಿಕೆಯಾಗಬೇಕು.)

ಆಗ ಸೊಸೆ ನನ್ನ ಕಡೆ ತಿರುಗಿದಳು. "ರೀ ಕಥೆಗಾರರೇ, ಆ ಬಣ್ಣದ ವಿಷಯ ತೆಗೆದುಬಿಡಿ. ಅವತ್ತೇ ಕರ್ಕೊಂಡು ಬಂದೆ ಅಂತ ಬರೀರಿ. ನಿಮಗೇನು, ಒಂದು ಸಾಲು."

ಬರೆದೆ. ಆ ಡ್ರಾಫ್ಟಿನಲ್ಲಿ ಡಾಕ್ಟರಮ್ಮ ಎರಡೇ ಕಾರಣ ಹೇಳಿದರು. ಸೊಸೆ ನಿರಾಳವಾಗಿ ಮನೆಗೆ ಹೋಗಿ ಮಲಗಿದಳು. ಅತ್ತೆಯ ಹತ್ತಿರ ಯಾರೂ ಇರಲಿಲ್ಲ, ಮತ್ತು ಅತ್ತೆ ಉಳಿಯುತ್ತಾಳೋ ಇಲ್ಲವೋ ಎಂಬುದು ಆಗಲೂ ನನಗೆ ತಿಳಿಯಲಿಲ್ಲ. ಹರಿದು ಹಾಕಿದೆ.

೪
"ಬೋರಲು ಮಲಗಿಸೋಣ," ಎಂದರು ಡಾಕ್ಟರಮ್ಮ. ಹಾಗೆ ಮಲಗಿದರೆ ಬೆನ್ನಿನ ಕಡೆ ಮುದುಡಿದ ಶ್ವಾಸಕೋಶ ಬಿಚ್ಚಿಕೊಳ್ಳುತ್ತದಂತೆ. ಇಬ್ಬರು ನರ್ಸುಗಳು, ಸೊಸೆ, ಒಂದು ಬೆಡ್‌ಶೀಟ್. ನಿದ್ದೆಯ ಮಗುವನ್ನು ಹೊರಳಿಸಿದಂತೆ ಹೊರಳಿಸಿದರು. ಮಾನಿಟರಿನಲ್ಲಿ ಆಕ್ಸಿಜನ್ ಎಂಬತ್ತೈದು ಇದ್ದದ್ದು ನಿಧಾನವಾಗಿ ಎಂಬತ್ತೆಂಟಾಯಿತು, ಆಮೇಲೆ ತೊಂಬತ್ತೊಂದು. ಹೊಸ ಔಷಧಿಯಿಲ್ಲ, ಮಂತ್ರವಿಲ್ಲ, ಒಬ್ಬ ಮುದುಕಿಯನ್ನು ಮಗುಚಿ ಮಲಗಿಸಿದ್ದು ಅಷ್ಟೇ. ನಾನು ಬರೆಯುವುದನ್ನು ಮರೆತು ಬಾಯಿ ಬಿಟ್ಟುಕೊಂಡು ನಿಂತೆ. ಇಷ್ಟು ವರ್ಷ ಉಸಿರಾಡಿದ್ದೇನೆ, ಉಸಿರೆಂದರೆ ಏನೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ಅತ್ತೆ, ತಡ ಮಾಡಿದ್ದು ನಾನು. ಉಗುರು ನೀಲಿಯಾಗಿದ್ದು ನೋಡಿದ್ದೆ," ಎಂದಳು ಸೊಸೆ.

ಅತ್ತೆ ಆಕ್ಸಿಜನ್ ಮಾಸ್ಕಿನೊಳಗಿಂದ, ಒಂದೊಂದು ಮಾತಿಗೂ ನಿಂತು: "ಬಣ್ಣ ಹಚ್ಚು... ಅಂದೋಳು... ನಾನೇ ಕಣೆ. ಮರೆತುಬಿಟ್ಯಾ?"

(ಹಿಂದೆ ಹೋಗಿ ಓದಿ. ಅತ್ತೆ ಹಾಗೆ ಅಂದಿಲ್ಲ. ಈ ಮಾತು ನಾನು ಬರೆದದ್ದೂ ಅಲ್ಲ.) ಉಸಿರನ್ನು ಹಿಡಿ ಹಿಡಿಯಾಗಿ ಕೂಡಿಡಬೇಕಾದ ಹೊತ್ತಿನಲ್ಲಿ ಆಕೆ ಇದ್ದಬದ್ದದ್ದನ್ನು ಒಂದು ಸುಳ್ಳಿಗೆ ಕೊಟ್ಟಳು. ಮಾನಿಟರು ಎಂಬತ್ತೆಂಟಕ್ಕೆ ಇಳಿಯಿತು. ಇದು ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಡಾಕ್ಟರಮ್ಮನನ್ನು ಕೇಳಿದೆ.

"ಅವರನ್ನ ಮಾತಾಡಿಸಬೇಡಿ," ಎಂದರು.

೭
(೫ ಮತ್ತು ೬ರಲ್ಲಿ ಬರೀ ಭಾಷಣವಿತ್ತು.)

ಮುಕ್ತಾಯ ಒಂದು: ಅತ್ತೆ ಗಾಲಿಕುರ್ಚಿಯಲ್ಲಿ ಹೊರಗೆ ಬರುತ್ತಾಳೆ. ಮುಕ್ತಾಯ ಎರಡು: ಸೊಸೆ ಒಬ್ಬಳೇ ಬರುತ್ತಾಳೆ. ಎರಡನ್ನೂ ಹಿಡಿದುಕೊಂಡು ಮಂಚದ ಬಳಿ ಹೋಗಿ ಯಾವುದಿರಲಿ ಎಂದು ಕೇಳಿದೆ.

"ಎರಡೂ ನೀವೇ ಇಟ್ಕೊಳ್ಳಿ," ಎಂದಳು ಸೊಸೆ ತಲೆಯೆತ್ತದೆ. "ಈಗ ಹೊರಗೆ ನಡೀರಿ. ಒಬ್ಬ ಪೇಷೆಂಟಿಗೆ ಒಬ್ಬರೇ ಇರಬೇಕಂತೆ."

ರೂಲ್ಸ್ ಅಂದರೆ ರೂಲ್ಸ್, ಹೊರಟೆ. ಬಾಗಿಲು ದಾಟುತ್ತ ತಿರುಗಿ ನೋಡಿದೆ. ಅತ್ತೆಯ ಬೆನ್ನ ಮೇಲೆ ಸೊಸೆ ಅಂಗೈ ಇಟ್ಟಿದ್ದಳು. ಉಸಿರಿನ ಜೊತೆ ಅಂಗೈ ಇಳಿಯಿತು. ಅದು ಮತ್ತೆ ಏಳುವುದನ್ನು ನೋಡಲೆಂದು, ಮುಚ್ಚಿಕೊಳ್ಳುತ್ತಿರುವ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತಿದ್ದೇನೆ.