ಮೂರು ಗಿಡಗಳ ರಾತ್ರಿ

ನನಗೆ ತಲೆ ಕೆಟ್ಟುಹೋಗಿತ್ತು. ಅಟ್ಟದ ಮೇಲೆ, ಕಪ್ಪು ಬಟ್ಟೆಯ ಗುಡಾರದೊಳಗೆ, ಮೂರು ಗಾಂಜಾ ಗಿಡಗಳು ಎದೆಯೆತ್ತರ ಬೆಳೆದು ನಿಂತಿದ್ದವು. ಹೂ ಬಿಡುವ ಹಾಗೆ ಮಾಡುತ್ತಿದ್ದವು, ಮತ್ತೆ ಎಲೆ ಹೊರಡಿಸುತ್ತಿದ್ದವು. ಅದೂ ಎಂಥ ಎಲೆ? ಸೊಟ್ಟಪಟ್ಟ, ಐದು ಬೆರಳಿರಬೇಕಾದಲ್ಲಿ ಒಂಟಿ ಬೆರಳಿನವು. ಮನೆಯಲ್ಲಿ ಬೆಳೆದುಕೊಳ್ಳಿ ಎಂದು ಸರ್ಕಾರ ಒಪ್ಪಿದ್ದೇ ತಡ, ಬ್ರೆಮೆನ್ ಊರಿನ ನಮ್ಮ ಬೀದಿಯಲ್ಲಿ ಸುಮಾರು ಜನ ಬೆಳೆದರು, ಅವರ ಗಿಡಗಳೆಲ್ಲ ಹೂ ಬಿಟ್ಟವು. ನನ್ನವಕ್ಕೆ ಏನು ದಾಡಿಯೋ ತಿಳಿಯಲಿಲ್ಲ.

ನಾನು ಸೇದುವವಳಲ್ಲ. ಟ್ರಾಮ್ ಓಡಿಸುವವಳು ಸೇದುವ ಹಾಗೂ ಇಲ್ಲ. ಗಿಡ ಬೇಕಾಗಿದ್ದದ್ದು ನನ್ನ ಗಂಡ ಹೆನ್ನಿಂಗ್‌ಗೆ. ನರದ ಕಾಯಿಲೆ ಅವನ ಕಾಲುಗಳನ್ನು ಹಿಡಿದು ಹಿಂಡುತ್ತದೆ. ಡಾಕ್ಟರು ಕೊಟ್ಟ ಗುಳಿಗೆ ಸೆಳೆತವನ್ನು ನಿಲ್ಲಿಸುತ್ತದೆ, ಜೊತೆಗೆ ಮನುಷ್ಯನನ್ನೂ ನಿಲ್ಲಿಸುತ್ತದೆ. ನುಂಗಿದ ಮೇಲೆ ಅಡುಗೆಮನೆಯ ಕುರ್ಚಿಯಲ್ಲಿ ಕೊರಡಿನ ಹಾಗೆ ಕೂತಿರುತ್ತಾನೆ, ಮುಂದಿಟ್ಟ ಸೂಪು ತಣ್ಣಗಾಗುತ್ತದೆ. ಪಕ್ಕದ ಮನೆಯ ಫೋಲ್ಕರ್ಟ್ ಒಮ್ಮೆ ತಾನು ಬೆಳೆದ ಹೂವಿನಲ್ಲಿ ಒಂದು ಚಿಟಿಕೆ ಕೊಟ್ಟ. ಕಾನೂನಿನ ಪ್ರಕಾರ ಕೊಡಬಾರದು, ಕೊಟ್ಟ. ಆ ಸಂಜೆ ಹೆನ್ನಿಂಗ್‌ನ ಸೆಳೆತವೂ ನಿಂತಿತು, ಅವನು ನನ್ನ ಜೊತೆ ಇಸ್ಪೀಟಾಡಿದ, ಮೋಸವನ್ನೂ ಮಾಡಿದ. ಆ ಹೆನ್ನಿಂಗ್ ನನಗೆ ವಾಪಸು ಬೇಕಾಗಿತ್ತು. ಚಳಿಗಾಲದೊಳಗೆ ಹೂ ಸಿಗದಿದ್ದರೆ ಮತ್ತೆ ಅದೇ ಗುಳಿಗೆ, ಅದೇ ಕುರ್ಚಿ.

ಫೋಲ್ಕರ್ಟ್ ಹೇಳಿಕೊಟ್ಟ ಹಾಗೆಯೇ ನಾನು ಮಾಡಿದ್ದೆ. ಅರ್ಧ ದಿನ ಬೆಳಕು, ಅರ್ಧ ದಿನ ಕಡುಗತ್ತಲು. ಹಗಲು ಅಟ್ಟ ಬಿಸಿ ಕಾರುತ್ತದೆಂದು ದೊಡ್ಡ ದೀಪ ರಾತ್ರಿಯಿಡೀ ಉರಿಯುತ್ತದೆ, ಬೆಳಿಗ್ಗೆ ಟೈಮರ್ ಅದನ್ನು ಆರಿಸುತ್ತದೆ, ನಮ್ಮ ಹಗಲೆಲ್ಲ ಗಿಡಗಳಿಗೆ ರಾತ್ರಿ. ಆ ರಾತ್ರಿಯಲ್ಲಿ ಬೆಳಕು ಬಿದ್ದರೆ ಅವಕ್ಕೆ ಬೇಸಿಗೆ ಮರಳಿ ಬಂತೆಂದು ಗಲಿಬಿಲಿಯಾಗಿ ಹೂವನ್ನು ಮರೆತುಬಿಡುತ್ತವಂತೆ.

ಒಂದು ಸಂಜೆ ಫೋಲ್ಕರ್ಟೇ ಬಂದು ಎಲೆಗಳನ್ನು ತಿರುಗಿಸಿ ನೋಡಿದ.

"ಯಾರೋ ಇವುಗಳ ನಿದ್ದೆ ಕೆಡಿಸ್ತಿದ್ದಾರೆ ತಾಯಿ."

"ಯಾರು ಕೆಡಿಸ್ತಾರೆ? ಹಗಲು ನಾನು ಕೆಲಸದಲ್ಲಿ. ಹೆನ್ನಿಂಗ್ ಮೆಟ್ಟಿಲು ಹತ್ತಿ ವರ್ಷದ ಮೇಲಾಯ್ತು."

"ಹಾಗಾದ್ರೆ ಎಲ್ಲೋ ತೂತಿದೆ. ಹಗಲಲ್ಲಿ ಒಳಗೆ ಕೂತು, ಜಿಪ್ ಎಳ್ಕೊಂಡು ನೋಡಿ. ಕಾಣತ್ತೆ."

"ಗುಡಾರದೊಳಗಾ? ನಾನಾ?"

"ನಾನೇ ಕೂರೋಣ ಅಂದ್ರೆ ಈ ಹೊಟ್ಟೆ ಹಿಡಿಸಲ್ಲ."

ಹೊಲಿಗೆಗಳ ಮೇಲೆಲ್ಲ ಕಪ್ಪು ಟೇಪು ಹಚ್ಚಿದೆ. ಪ್ಲಗ್ಗಿನಲ್ಲಿ ಉರಿಯುವ ಕೆಂಪು ಚುಕ್ಕೆಗೂ ಹಚ್ಚಿದೆ. ಹೊಸ ಟೈಮರ್ ತಂದೆ. ಏನೂ ಬದಲಾಗಲಿಲ್ಲ. ಫೋಲ್ಕರ್ಟ್ ಕೊಟ್ಟ ಬೀಜದ ಮೇಲೆ ಅನುಮಾನಪಟ್ಟೆ. ಆಮೇಲೆ ನನ್ನ ಮೇಲೇ ಪಟ್ಟೆ. ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ನಾನೇ ತೆರೆದು ಮರೆಯುತ್ತಿದ್ದೇನೋ ಏನೋ.

ಕೊನೆಗೊಂದು ದಿನ ಹಳಿ ರಿಪೇರಿಯೆಂದು ನಮ್ಮನ್ನು ಬೇಗ ಬಿಟ್ಟರು. ಮಧ್ಯಾಹ್ನದ ಮೊದಲೇ ಮನೆಗೆ ಬಂದೆ. ಹೆನ್ನಿಂಗ್ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದ. ಎಬ್ಬಿಸುವುದು ಬೇಡವೆಂದು ಶೂ ಕಳಚಿ, ಕಾಲ್ಚೀಲದಲ್ಲೇ ಅಟ್ಟ ಹತ್ತಿದೆ. ಮೊಣಕಾಲೆತ್ತರದ ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟಿತ್ತು. ಕುಂಡಗಳ ನಡುವೆ ತೂರಿ ಕೂತು ಜಿಪ್ ಎಳೆದುಕೊಂಡೆ.

ನನ್ನ ಕೈಯೇ ನನಗೆ ಕಾಣಲಿಲ್ಲ. ಎಲ್ಲೂ ತೂತಿರಲಿಲ್ಲ. ಇಷ್ಟು ಕತ್ತಲು ಕೊಟ್ಟರೂ ಇವಕ್ಕೆ ಸಾಲದಾದರೆ ಇನ್ನೇನು ಮಾಡಲಿ ಎಂದು ಅಳು ಬಂತು.

ಆಗ ಮೆಟ್ಟಿಲ ಕಡೆಯಿಂದ ದಪ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ದಪ್. ಕಳ್ಳ ಇಷ್ಟು ನಿಧಾನವಾಗಿ ಬರುವುದಿಲ್ಲ. ಬೆಕ್ಕು ನಮ್ಮಲ್ಲಿಲ್ಲ. ಸದ್ದು ಹತ್ತಿರವಾಯಿತು, ಏದುಸಿರು ಕೇಳಿಸಿತು, ಏನೋ ನೆಲದ ಮೇಲೆ ತೆವಳಿತು. ಕಿಟಕಿ ಕಿರುಗುಟ್ಟಿತು. ಮರುಕ್ಷಣ ಜಿಪ್ ಸರ್ರನೆ ಮೇಲಕ್ಕೆ ಹೋಗಿ ಬೆಳಕು ಮುಖಕ್ಕೆ ಹೊಡೆಯಿತು. ನನ್ನ ಮೂಗಿನ ಮುಂದೆ ಹೆನ್ನಿಂಗ್‌ನ ಮುಖವಿತ್ತು, ಕೆಂಪಗೆ ಬೆವೆತು.

"ಅಯ್ಯೋ ದೇವ್ರೇ," ಅಂದ ಅವನು.

"ಮುಚ್ಚು. ಬೆಳಕು ಬರ್ತಿದೆ," ಅಂದೆ ನಾನು.

ಪಾಪ, ಮುಚ್ಚಿದ. ನಾನು ಒಳಗೇ ಉಳಿದೆ.

"ಅಲ್ಮುಟ್, ನೀನಾ ಒಳಗಿರೋದು?" ಬಟ್ಟೆಯ ಆಚೆಯಿಂದ ಕೇಳಿದ.

"ಇನ್ಯಾರು? ದಿನಾ ತೆಗೀತೀಯಾ ಇದನ್ನ?"

"ಗಾಳಿಗೆ ಕಣೇ. ಮುಚ್ಚಿದ ಜಾಗ ಬೂಷ್ಟು ಹಿಡಿಯತ್ತೆ. ಕಿಟಕಿ, ಗುಡಾರ ಎಲ್ಲಾ ಸ್ವಲ್ಪ ಹೊತ್ತು ತೆಗೆದಿಟ್ಟು, ಆಮೇಲೆ ಮುಚ್ಚಿ ಹೋಗ್ತೀನಿ."

"ಹಗಲು ಕತ್ತಲಿರಬೇಕು ಅಂತ ಬಡ್ಕೊಂಡಿರ್ಲಿಲ್ವಾ ನಾನು?"

"ನಾನು ದೀಪ ಹಾಕಿಲ್ವಲ್ಲ. ಬರೀ ಗಾಳಿ ಬಿಟ್ಟೆ."

ಗಾಳಿಯ ಹುಚ್ಚು ನಮ್ಮವರಿಗೆಲ್ಲ ಇದೆ. ಹಿಮ ಸುರಿಯುವಾಗಲೂ ಬೆಳಿಗ್ಗೆ ಕಾಫಿಗೆ ಮೊದಲು ಕಿಟಕಿ ತೆರೆಯುವವರು ನಾವು. ಮನೆ ಬಾಡಿಗೆಗೆ ಕೊಡುವವರು ಕರಾರಿನಲ್ಲೇ ಅದನ್ನು ಬರೆಸುತ್ತಾರೆ. ಆದರೂ ಸಿಟ್ಟು ನೆತ್ತಿಗೇರಿತು.

"ಇಡೀ ಬೇಸಿಗೆ ಬೆಳೆಸಿದ ಗಿಡ ಹಾಳು ಮಾಡಿದ್ಯಲ್ಲೋ. ಯಾರಿಗೋಸ್ಕರ ಬೆಳೆಸಿದ್ದು ಇವನ್ನ?"

ಆಚೆಯಿಂದ ಸಣ್ಣ ದನಿಯಲ್ಲಿ ಕೇಳಿದ, "ಪೂರ್ತಿ ಹಾಳಾದ್ವಾ?"

ಆಗ ನನ್ನ ಮಂದ ತಲೆಗೆ ಹೊಳೆಯಿತು. ಜಿಪ್ ಕಿತ್ತು ಹೊರಗೆ ಬಂದೆ. ಗೋಡೆಗೊರಗಿ ನೆಲದ ಮೇಲೆ ಕೂತಿದ್ದ. ಕಾಲುಗಳು ಮುಂದೆ ಸುಮ್ಮನೆ ಬಿದ್ದಿದ್ದವು, ಅಂಗೈ ಕೆಂಪಾಗಿತ್ತು, ಪ್ಯಾಂಟಿಗೆಲ್ಲ ಮೆಟ್ಟಿಲ ಧೂಳು.

"ಹೆನ್ನಿಂಗ್. ನೀನು ಮೇಲೆ ಬಂದಿದ್ದು ಹೇಗೆ?"

"ಕೂತ್ಕೊಂಡು. ಹಿಂದು ಹಿಂದಕ್ಕೆ, ಒಂದೊಂದೇ ಮೆಟ್ಟಿಲು. ಹಡಗು ಕಟ್ಟಿದ ಕೈ ಕಣೇ ಇದು."

"ಬಿದ್ದಿದ್ರೆ?"

"ಮೊದಲ ದಿನ ಬಿದ್ದೆ. ಹೇಳಿದ್ರೆ ನೀನು ಬಿಡ್ತಿದ್ಯಾ?"

"ಗುಳಿಗೆ ತಗೊಂಡ್ರೆ ನಿನಗೆ ತಲೆ ಎತ್ತಕ್ಕಾಗಲ್ಲ."

"ಕೆಳಗೆ ಹೋಗಿ ತಗೋತೀನಿ. ಇಲ್ಲಿಗೆ ಬಂದು ಹೋಗೋವರ್ಗೂ ತಡ್ಕೋತೀನಿ." ಅವನು ಗಿಡಗಳ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ. "ನೀನು ಇಷ್ಟೆಲ್ಲಾ ಒದ್ದಾಡ್ತೀಯ. ಒಂದು ಕಿಟಕಿ ತೆಗೆಯೋದಾದ್ರೂ ನನ್ನ ಕೆಲಸ ಆಗ್ಲಿ ಅಂದ್ಕೊಂಡೆ."

ಇವನಿಗೆ ಎರಡು ಬಿಗಿಯಬೇಕೋ ತಬ್ಬಿಕೊಳ್ಳಬೇಕೋ ನನಗೆ ಗೊತ್ತಾಗಲಿಲ್ಲ. ಸಿಟ್ಟೂ ಇತ್ತು, ಹೆದರಿಕೆಯೂ ಇತ್ತು, ಎರಡಕ್ಕಿಂತ ಹೆಚ್ಚಾಗಿ ಸಂತೋಷವಾಗಿತ್ತು. ಆ ಸಂತೋಷಕ್ಕೆ ನಾಚಿಕೆಯೂ ಆಯಿತು, ಯಾಕೆಂದರೆ ಎದುರಿಗೇ ಗಿಡಗಳು ಕೆಟ್ಟು ನಿಂತಿದ್ದವು.

"ಇನ್ಮೇಲೆ ಬರಬೇಡ ಅಂತೀಯಾ?" ಅಂದ.

ಹೌದು ಅನ್ನಬೇಕಾಗಿತ್ತು. ಅವನು ಕೆಳಗೇ ಕೂತಿದ್ದರೆ ಇವು ಇನ್ನೂ ಹೂ ಬಿಡಬಹುದಿತ್ತು. ನಾನು ಎದ್ದು ಹೋಗಿ ಟೈಮರ್ ತಿರುಗಿಸಿದೆ. ದೀಪ ಹತ್ತಿಕೊಂಡಿತು. ಹೆನ್ನಿಂಗ್ ಕಣ್ಣು ಕಿರಿದು ಮಾಡಿದ.

"ಏನ್ ಮಾಡ್ದೆ?"

"ಇನ್ಮೇಲೆ ನಮ್ಮ ಹಗಲೇ ಇವಕ್ಕೂ ಹಗಲು. ಕತ್ತಲು ರಾತ್ರಿ."

"ಹೂ ಬಿಡ್ತಾವಾ?"

"ಗೊತ್ತಿಲ್ಲ ಮಾರಾಯ. ಬಿಡದೇನೂ ಇರಬಹುದು."

ಅವನು ತಲೆಯೆತ್ತಿ ಬಿಸಿಲಿಗೆ ಕಾದ ಹಂಚನ್ನು ನೋಡಿದ. "ಮಧ್ಯಾಹ್ನ ಈ ಮಾಡಿನ ಕೆಳಗೆ ಈ ದೀಪ ಉರಿದ್ರೆ ಗಿಡ ಬೆಂದುಹೋಗಲ್ವಾ?"

"ಬೇಯತ್ತೆ. ದಿನಾ ಯಾರಾದ್ರೂ ಹತ್ತಿ ಬಂದು ಕಿಟಕಿ ತೆಗೀಬೇಕು."