ಅತ್ತೆ ಬಗ್ಗಲಿಲ್ಲ

“ಬಗ್ಗಿಸ್ರೋ ಅವಳನ್ನ! ಬದುಕಿದ್ದಾಗ ದಿನಾ ಬಗ್ತಿದ್ಲು, ಸತ್ತ ಕೂಡ್ಲೇ ದೊಡ್ಡಸ್ತಿಕೆ ಬಂತಾ ಮುದಿಮುಂಡೆಗೆ?”

ಮಠದ ಪಾರುಪತ್ಯಗಾರ ಅಂಗಳದಲ್ಲಿ ನಿಂತು, ಕಿರುಬಾಗಿಲೊಳಕ್ಕೆ ತಲೆ ಹಾಕಿ ಕೂಗುತ್ತಿದ್ದ. ಒಳದಾರಿಯ ತಿರುವಿನಲ್ಲಿ ಚಟ್ಟ ಸಿಕ್ಕಿಕೊಂಡಿತ್ತು. ಹಿಂದೆ ಸೊಸೆ, ಮುಂದೆ ಅವಳ ಗಂಡ, ನಡುವೆ ಕಟ್ಟಿಗೆಯಂತೆ ಸೆಟೆದ ಅತ್ತೆ.

ಮಠದ ಹೆಬ್ಬಾಗಿಲ ಕಟ್ಟಡವೇ ಒಂದು ಊರಿನಷ್ಟಿತ್ತು. ನಡುವೆ ಸಾರೋಟು ನುಗ್ಗುವಂಥ ಕಮಾನು, ಅದರ ನೆತ್ತಿಗೆ ಕಲ್ಲಿನ ಸಿಂಹ, ಸಿಂಹದ ಮೇಲೆ ಯಾವನೋ ದೊರೆ ಒಂದು ರಾತ್ರಿ ಗೊರಕೆ ಹೊಡೆದ ಕೋಣೆ. ಪಕ್ಕದಲ್ಲಿ ಕೆಲಸದವರಿಗೆಂದು ಸೊಂಟದೆತ್ತರದ ಕಿರುಬಾಗಿಲು. ಶತ್ರುಗಳು ನುಗ್ಗಬಾರದೆಂದು ಅದರ ದಾರಿಯನ್ನು ಮಡಿಸಿದ ಮೊಣಕೈಯಂತೆ ಕಟ್ಟಿದ್ದರು. ಶತ್ರುಗಳು ಎಂದೂ ಬರಲಿಲ್ಲ. ಕಸ ಗುಡಿಸುವವರು ದಿನಾ ಬಂದರು.

ಅತ್ತೆ ಹೇಳುತ್ತಿದ್ದ ಕಥೆಯೇ ಬೇರೆ. “ಸಿಂಹದ ಬಾಲಕ್ಕೆ ಕಲ್ಲು ಸಾಲ್ಲಿಲ್ವಂತೆ ಕಣೇ. ನಮ್ಮ ಬಾಗಿಲಿಂದ ಕಿತ್ಕೊಂಡ್ರು. ಅದಕ್ಕೇ ಅದಕ್ಕೆ ಅಷ್ಟುದ್ದ ಬಾಲ, ನಮಗೆ ಇಷ್ಟು ಗಿಡ್ಡ ಬಾಗಿಲು.”

ಕಮಾನಿನಡಿಯ ಕತ್ತಲ ಕೋಣೆಯಲ್ಲಿ ಬಾಳುವ ಆ ಮನೆತನಕ್ಕೊಂದು ಕಟ್ಟಳೆಯಿತ್ತು: ಉಸಿರು ಮೇಲಕ್ಕೆ ಹತ್ತಿದರೆ, ಸಾಯುವವರು ತಾವೇ ಬಗ್ಗಿಕೊಂಡು ಆಚೆ ಹೋಗಿ ಸಾಯಬೇಕು. ಮಾವ ಹಾಗೇ ಹೋಗಿ ಹೊರಗೋಡೆಗೆ ಒರಗಿ ಸತ್ತಿದ್ದ, ಯಾರಿಗೂ ತೊಂದರೆಯಿಲ್ಲ. ಅತ್ತೆ ಮಾತ್ರ, “ನನಗೇನು ಧಾಡಿ, ಗುಂಡುಕಲ್ಲಿನಂಗಿದೀನಿ” ಎನ್ನುತ್ತಲೇ ಇದ್ದಳು. ನಿನ್ನೆ ಸಂಜೆ ಸೊಸೆಯನ್ನು ಕೇಳಿದ್ದಳು:

“ದೊಡ್ಡ ಬಾಗಿಲು ತೆಗೆಯೋದು ಯಾವಾಗ?”

“ನಾಳೆ. ಯಾರೋ ದೊಡ್ಡ ಅತಿಥಿ ಬರ್ತಾರಂತೆ.”

“ಹಂಗಾದ್ರೆ ಸರಿ” ಎಂದು ಗೋಡೆಗೆ ಮುಖ ಮಾಡಿ ಮಲಗಿದವಳು ಬೆಳಗಾದರೂ ಏಳಲಿಲ್ಲ.

ಚಟ್ಟವನ್ನು ಹಿಂದಕ್ಕೆಳೆದು ಅಂಗಳದಲ್ಲಿ ಇಳಿಸಿದರು. ಅಲ್ಲೇ ಇತಿಹಾಸದ ಪಂಡಿತರು ಮೂಗಿಗೆ ವಸ್ತ್ರ ಹಿಡಿದು, ಅತಿಥಿಯೆದುರು ಮಾಡಬೇಕಾದ ಭಾಷಣ ಬಾಯಿಪಾಠ ಮಾಡುತ್ತಿದ್ದರು: “ಈ ಕಿರುಬಾಗಿಲೇ ವಿನಯದ್ವಾರ. ಬಗ್ಗಿ ಬರುವವನ ಅಹಂಕಾರ ಇಲ್ಲಿ ಕರಗುತ್ತದೆ...”

“ಅಲ್ಲ ಬುದ್ಧಿ, ಮಠದ ಗುರುಗಳು ಯಾವತ್ತೂ ಇದರಲ್ಲಿ ಬರಲ್ವಲ್ಲ?” ಸೊಸೆ ಕೇಳಿದಳು.

“ಅವರಿಗೆ ವಿನಯ ಮೊದಲೇ ಇದೆಯಮ್ಮ.”

“ಪುರಾಣ ಸಾಕು!” ಪಾರುಪತ್ಯಗಾರ ಗದರಿದ. “ಆ ದೊಡ್ಡ ಬಾಗಿಲಲ್ಲಿ ನಿಮ್ಮಂಥವರ ನೆರಳೂ ದಾಟಿಲ್ಲ, ಇನ್ನು ಹೆಣ ದಾಟುತ್ತಾ? ಮಂಡಿ ಮುರಿದು ಮೂಟೆ ಕಟ್ಟಿ. ಇಲ್ಲದಿದ್ರೆ ಕೋಣೆ ಖಾಲಿ ಮಾಡಿ.”

ಗಂಡ ತಾಯಿಯ ಮಂಡಿಗಳನ್ನೇ ನೋಡಿದ. ನೆಲ ಒರೆಸಿ ಒರೆಸಿ ಜಡ್ಡುಗಟ್ಟಿದ ಮಂಡಿಗಳು.

“ಕೋಣೆ ಹೋದ್ರೆ ಎಲ್ಲಿಗೆ ಹೋಗೋಣ್ವೇ?” ಎಂದ ಮೆಲ್ಲಗೆ.

“ನಿಮ್ಮಮ್ಮನ ಮಂಡಿ, ನೀವೇ ಮುರೀರಿ. ಸುತ್ತಿಗೆ ತಂದ್ಕೊಡ್ಲಾ?” ಎಂದಳು ಸೊಸೆ.

ಸೆರಗಿನ ತುದಿಯಿಂದ ಅವಳು ಅತ್ತೆಯ ಮಂಡಿ ಮುಚ್ಚಿದಳು.

ಅಷ್ಟರಲ್ಲಿ ಹೊರಗೆ ಕಹಳೆ ಮೊಳಗಿತು. ಪಾರುಪತ್ಯಗಾರನ ಮುಖ ಬಿಳಿಚಿಕೊಂಡಿತು. “ಬಂದ್ರು! ಮುರಿಯೋದು ಆಮೇಲೆ, ಮೊದ್ಲು ಅಗುಳಿ ಎಳೀರೋ!”

ಮರದ ಆ ಅಗುಳಿ ಎಳೆಯಲು ನಾಲ್ವರು ಬೇಕು. ತಲೆತಲಾಂತರದಿಂದ ಎಳೆದವರು ಇದೇ ಮನೆಯವರು. ಎಳೆದು, ಪಕ್ಕಕ್ಕೆ ಸರಿದು, ತಲೆ ತಗ್ಗಿಸಿದವರು. ಗಂಡ, ಸೊಸೆ, ಅಂಗಳದಲ್ಲಿ ಕಾದು ನಿಂತಿದ್ದ ಮೈದುನ, ಓರಗಿತ್ತಿ ಕೈಹಾಕಿದರು. ಬಾಗಿಲು ನರಳುತ್ತಾ ತೆರೆಯಿತು. ಹೊಸ್ತಿಲಾಚೆ ಹಾರ ಹಾಕಿಸಿಕೊಳ್ಳಲು ಕತ್ತು ಚಾಚಿ ನಿಂತ ಅತಿಥಿ, ಹಿಂದೆ ಒಂದು ಹಿಂಡು ಶಾಲು.

ನಾಲ್ವರೂ ಪಕ್ಕಕ್ಕೆ ಸರಿಯಲಿಲ್ಲ. ಸೊಸೆ ಗಂಡನ ಮುಖ ನೋಡಿದಳು. ಅವನು ಮೊದಲು ಹೋಗಿ ಚಟ್ಟದ ತಲೆಯ ಕಡೆ ಹಿಡಿದ. ಉಳಿದ ಮೂವರೂ ಹೆಗಲು ಕೊಟ್ಟರು; ಚಟ್ಟ ದೊಡ್ಡ ಬಾಗಿಲ ಕಡೆ ಹೊರಟಿತು.

“ಏಯ್! ಬಗ್ರೋ! ಬಗ್ರೋ ನಾಯಿಗಳಾ!” ಪಾರುಪತ್ಯಗಾರ ಅರಚಿದ. ಅಭ್ಯಾಸಬಲದಿಂದ ಪಂಡಿತರು ಬಗ್ಗಿದರು.

ಕಮಾನಿನ ನಡುವೆ, ಸಿಂಹದ ಬಾಲದ ನೇರ ಕೆಳಗೆ, ಸೊಸೆ ನಿಂತಳು. ನಾಲ್ವರೂ ಚಟ್ಟವನ್ನು ಹೊಸ್ತಿಲ ಮೇಲೇ ಇಳಿಸಿದರು.

“ಹೆಗಲು ಬದಲಾಯಿಸ್ಬೇಕು ಸ್ವಾಮಿ, ಹೊತ್ತಾಗುತ್ತೆ” ಎಂದು ಅತಿಥಿಗೆ ಹೇಳಿ ಕಿರುಬಾಗಿಲ ಕಡೆ ಕೈತೋರಿದಳು. “ಅವಸರ ಇದ್ರೆ ಅದರಲ್ಲಿ ಬನ್ನಿ. ವಿನಯ ಬರುತ್ತಂತೆ.”

ಅತ್ತೆ ನೆಟ್ಟಗೆ ಮಲಗಿದ್ದಳು.